ಗಾಳಿಯ ತೂಬು

ನಮ್ಮ ಸೀಮೆಯ ಹಳೆಯ ಕೆರೆಗಳ ಏರಿಯ ಮೇಲೆ ನಡೆದುಹೋದವರು, ನೀರಿನ ನಡುವೆ ಎರಡು ಕಲ್ಲುಕಂಬಗಳು ಜೋಡಿಯಾಗಿ ನಿಂತಿರುವುದನ್ನು ಕಂಡೇ ಇರುತ್ತಾರೆ. ಕಂಬಗಳಿಗೆ ಅಡ್ಡಲಾಗಿ ಕಲ್ಲಿನ ಪಟ್ಟಿಗಳು. ಪಟ್ಟಿಗಳ ನಡುವೆ ರಂಧ್ರ. ಆ ರಂಧ್ರಗಳೊಳಗಿಂದ ಕೆಳಕ್ಕಿಳಿದ ಒಂದು ಮರದ ಗಳ. ಗಳದ ಕೆಳತುದಿಯಲ್ಲಿ ಒಂದು ಬಿರಡೆ. ಕೆರೆಯ ತಳದ ಕಲ್ಲಿನಲ್ಲಿ ಕೊರೆದ ಕಂಡಿಗೆ ಈ ಬಿರಡೆ ಬಿಗಿಯಾಗಿ ಕುಳಿತಿರುತ್ತದೆ. ಇದೇ ತೂಬು. ಹಳೆಯ ಶಾಸನಗಳಲ್ಲಿ ತೂಂಬು ಎಂದು ಬರೆದಿರುವುದೂ ಇದನ್ನೇ. ನೀರುಗಂಟಿ ಬಂದು ಗಳವನ್ನು ಒಂದು ಗೇಣು ಮೇಲಕ್ಕೆತ್ತಿದರೆ ಸಾಕು, ಏರಿಯ ಹೊಟ್ಟೆಯೊಳಗಿನ ಕಾಲುವೆಯಲ್ಲಿ ನೀರು ಹರಿದು ಗದ್ದೆಬಯಲನ್ನು ಮುಟ್ಟುತ್ತದೆ. ಒಬ್ಬ ಮನುಷ್ಯನ ತೋಳು, ಒಂದು ಬಿರಡೆ, ಅದರ ಹಿಂದೆ ಇಡೀ ಕೆರೆಯ ನೀರಿನ ಭಾರ. ಈ ಮೂರರ ಸಂಬಂಧವೇ ನನ್ನ ಇಂದಿನ ಮಾತಿಗೆ ಆಧಾರ.

ಇಂಗ್ಲಿಷಿನಲ್ಲಿ ವಾಲ್ವ್ ಎನ್ನುವುದಕ್ಕೆ ನಮ್ಮ ವಿಜ್ಞಾನದ ಪುಸ್ತಕಗಳು ಕವಾಟ ಎಂಬ ಮಾತನ್ನು ಬಳಸುತ್ತವೆ. ಹೃದಯದ ಕವಾಟವೆಂದು ಮಕ್ಕಳು ಓದುತ್ತಾರೆ. ಕವಾಟವೆಂದರೆ ಬಾಗಿಲ ಕದ. ಮಾತು ಒಳ್ಳೆಯದೇ. ಆದರೆ ಕದದ ಹಿಂದೆ ಮನೆಯ ನಡುಮನೆ ಇದ್ದೀತು, ತೂಬಿನ ಹಿಂದೆ ಯಾವಾಗಲೂ ಒತ್ತಡವಿರುತ್ತದೆ. ಆದುದರಿಂದ, ಒತ್ತಡವನ್ನು ತಡೆದು ಬೇಕಾದಾಗ ಬಿಡುವ ಸಾಧನಕ್ಕೆ ತೂಬು ಎಂಬ ಮಾತೇ ನನಗೆ ಹೆಚ್ಚು ಹೊಂದುವಂತೆ ತೋರುತ್ತದೆ. ನೀರಿಗೆ ತೂಬು ಇರುವಂತೆ ಗಾಳಿಗೂ ತೂಬು ಉಂಟು. ಆ ಗಾಳಿಯ ತೂಬಿನ ಕಥೆಯನ್ನೇ ಈ ಹೊತ್ತು ಹೇಳಬೇಕೆಂದಿದ್ದೇನೆ.

ಕನ್ನಡ ಪಂಡಿತನಾದವನಿಗೆ ಈ ಯಂತ್ರದ ಉಸಾಬರಿ ಏಕೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಒಂದು ದಿನ ಪಾಠ ಮುಗಿದ ಮೇಲೆ ಮೇಜಿನ ಬಳಿ ಬಂದು, "ಸರ್, ವಾಲ್ವ್‌ಗೆ ಕನ್ನಡದಲ್ಲಿ ಏನಂತಾರೆ?" ಎಂದು ಕೇಳಿದ. ಹೇಳಿದೆ. ಅವನು ಹೋಗಲಿಲ್ಲ. ಸ್ವಲ್ಪ ಮಾತಾಡಿಸಿದಾಗ ವಿಷಯ ಹೊರಬಿತ್ತು. ಅಮೆರಿಕದ ಹುಡುಗರು ಹುಲ್ಲಿಗೆ ನೀರು ಚಿಮುಕಿಸುವ ವಾಲ್ವೊಂದನ್ನು ಪ್ಲಾಸ್ಟಿಕ್ ಕೊಳವೆಗಳ ನಡುವೆ ಕೂಡಿಸಿ, ಗಾಳಿ ತುಂಬಿ, ಆಲೂಗೆಡ್ಡೆಯನ್ನು ಮೈದಾನದ ಆಚೆಗೆ ಹಾರಿಸುವುದನ್ನು ಅವನು ಫೋನಿನಲ್ಲಿ ನೋಡಿದ್ದ. ಅಂಥದೊಂದನ್ನು ತಾನೂ ಮಾಡಬೇಕೆಂದು ಅವನ ಮನಸ್ಸು. ಕೊಳವೆ ಬೋರುವೆಲ್ಲಿನ ಅಂಗಡಿಯಲ್ಲಿ ಸಿಗುತ್ತದೆ, ಗಾಳಿ ಪಂಕ್ಚರ್ ಅಂಗಡಿಯಲ್ಲಿ ಸಿಗುತ್ತದೆ, ವಾಲ್ವನ್ನು ಮನೆಬಾಗಿಲಿಗೆ ತರಿಸಿಕೊಳ್ಳಬಹುದು. ಬೇಡವೆಂದು ಒಂದೇ ಮಾತಿನಲ್ಲಿ ಹೇಳಿ ಕಳಿಸುವುದು ಸುಲಭ. ಆದರೆ ಕಾರಣ ತಿಳಿಯದ ಬೇಡ ಎಂಬ ಮಾತು ಹದಿನಾಲ್ಕರ ಹುಡುಗನ ಕಿವಿಯಲ್ಲಿ ಎಷ್ಟು ಹೊತ್ತು ನಿಂತೀತು? ಕಾರಣವನ್ನು ಮೊದಲು ನಾವು ತಿಳಿಯಬೇಕು.

ಮೊದಲಿಗೆ ಆ ವಾಲ್ವು ಅದರ ಸ್ವಂತ ಮನೆಯಲ್ಲಿ ಮಾಡುವ ಕೆಲಸವನ್ನು ನೋಡೋಣ. ಅಮೆರಿಕದ ಊರುಗಳಲ್ಲಿ ಮನೆಯ ಮುಂದೆ ಹುಲ್ಲುಹಾಸು ಇರುವುದು ವಾಡಿಕೆ. ಅದಕ್ಕೆ ನೀರು ಚಿಮುಕಿಸಲು ನೆಲದೊಳಗೆ ಕೊಳವೆ ಹೂಳಿರುತ್ತಾರೆ. ಹುಲ್ಲುಹಾಸನ್ನು ನಾಲ್ಕೈದು ಪಾಲು ಮಾಡಿ, ಒಂದೊಂದು ಪಾಲಿಗೆ ಒಂದೊಂದು ವಾಲ್ವು. ಗೋಡೆಯ ಮೇಲಿನ ಗಡಿಯಾರದ ಪೆಟ್ಟಿಗೆಯಿಂದ ಆ ವಾಲ್ವುಗಳಿಗೆ ತಂತಿ ಹೋಗಿರುತ್ತದೆ. ಬೆಳಗಿನ ಜಾವ ಗೊತ್ತಾದ ಹೊತ್ತಿಗೆ ಪೆಟ್ಟಿಗೆ ವಿದ್ಯುತ್ತನ್ನು ಕಳಿಸಿದರೆ ವಾಲ್ವು ತೆರೆಯುತ್ತದೆ, ನಿಲ್ಲಿಸಿದರೆ ಮುಚ್ಚುತ್ತದೆ. ಅಲ್ಲಿ ನೀರುಗಂಟಿಯ ಕೆಲಸ ಗಡಿಯಾರದ್ದು.

ಇಲ್ಲೊಂದು ಸೋಜಿಗವುಂಟು. ಆ ತಂತಿಯಲ್ಲಿ ಹೋಗುವುದು 24 ವೋಲ್ಟಿನ ವಿದ್ಯುತ್ತು. ನಮ್ಮ ಮನೆಯ 230 ವೋಲ್ಟಿನ ಹತ್ತನೆಯ ಒಂದು ಪಾಲು ಎನ್ನಿ. ಅಷ್ಟರಲ್ಲಿ ಹುಟ್ಟುವ ಅಯಸ್ಕಾಂತದ ಬಲ ಒಂದು ಮೊಳೆಯಂಥ ಕಬ್ಬಿಣದ ಕಡ್ಡಿಯನ್ನು ಒಂದಿಷ್ಟು ಮೇಲಕ್ಕೆಳೆಯಲು ಸಾಲುವಷ್ಟು ಮಾತ್ರ. ವಾಲ್ವಿನೊಳಗೆ ಒಂದು ರಬ್ಬರಿನ ಪೊರೆ ಇರುತ್ತದೆ. ನಮ್ಮ ದೇಹದಲ್ಲಿ ಎದೆಗೂ ಹೊಟ್ಟೆಗೂ ನಡುವೆ ವಪೆ ಎಂಬುದಿದೆಯಲ್ಲ, ಅಂಥದು. ಆ ಪೊರೆಯ ಅಡ್ಡಳತೆ 6 ಸೆಂಟಿಮೀಟರು ಎಂದಿಟ್ಟುಕೊಂಡರೆ ಅದರ ಮೈ 28 ಚದರ ಸೆಂಟಿಮೀಟರು. ನೀರಿನ ಒತ್ತಡ ಚದರ ಸೆಂಟಿಮೀಟರಿಗೆ 5 ಕಿಲೋ ಇದ್ದರೆ ಅದರ ಮೇಲೆ ಬೀಳುವ ಭಾರ 140 ಕಿಲೋ. ಹತ್ತಿರ ಹತ್ತಿರ ಮೂರು ಮೂಟೆ ಅಕ್ಕಿಯ ತೂಕ. ಮೊಳೆಯನ್ನೆತ್ತುವ ಬಲವೆಲ್ಲಿ, ಮೂರು ಮೂಟೆ ಅಕ್ಕಿಯೆಲ್ಲಿ? ಹಾಗಾದರೆ ತೂಬು ತೆರೆಯುವುದು ಹೇಗೆ?

ಹಳೆಯ ಕೋಟೆಗಳ ಹೆಬ್ಬಾಗಿಲನ್ನು ನೆನೆಯಿರಿ. ಹೆಬ್ಬಾಗಿಲಿನಲ್ಲೇ ಒಂದು ದಿಡ್ಡಿ ಬಾಗಿಲು ಇರುತ್ತದೆ, ಒಬ್ಬ ಮನುಷ್ಯ ಬಗ್ಗಿ ನುಸುಳುವಷ್ಟು. ಈ ವಾಲ್ವಿನಲ್ಲೂ ಹೀಗೆಯೇ ಹೆಬ್ಬಾಗಿಲು ಒಂದು, ದಿಡ್ಡಿ ಒಂದು. ರಬ್ಬರಿನ ಪೊರೆಯೇ ಹೆಬ್ಬಾಗಿಲು. ಅದರಲ್ಲಿ ಸೂಜಿಯ ಗಾತ್ರದ ಒಂದು ತೂತು. ಆ ತೂತಿನೊಳಗಿಂದ ನೀರು ಮೆಲ್ಲಗೆ ಪೊರೆಯ ಮೇಲಿನ ಕೋಣೆಗೆ ಹೋಗಿ ತುಂಬಿಕೊಳ್ಳುತ್ತದೆ. ಈಗ ಮೇಲೂ ಅದೇ ಒತ್ತಡ, ಕೆಳಗೂ ಅದೇ ಒತ್ತಡ. ಆದರೆ ಕೆಳಗಡೆ ನೀರು ಒತ್ತುವುದು ಪೊರೆಯ ಸುತ್ತಂಚನ್ನು ಮಾತ್ರ, ಮೇಲುಗಡೆ ಒತ್ತುವುದು ಪೂರ್ತಿ ಮೈಯನ್ನು. ಒಂದು ಸಣ್ಣ ಸ್ಪ್ರಿಂಗಿನ ಸಹಾಯವೂ ಉಂಟು. ಆದ್ದರಿಂದ ಪೊರೆ ಬಿಗಿಯಾಗಿ ಕುಳಿತು ದಾರಿಯನ್ನು ಮುಚ್ಚಿರುತ್ತದೆ. ವಿದ್ಯುತ್ತು ಬಂದಾಗ ಆ ಕಬ್ಬಿಣದ ಕಡ್ಡಿ ಎದ್ದು ದಿಡ್ಡಿಯನ್ನು ತೆರೆಯುತ್ತದೆ. ಮೇಲಿನ ಕೋಣೆಯ ನೀರು ಅದರ ಮೂಲಕ ಹೊರಟುಹೋಗುತ್ತದೆ. ಮೇಲಿನ ಒತ್ತಡ ಇಳಿದೊಡನೆ ಕೆಳಗಿನ ನೀರೇ ಪೊರೆಯನ್ನು ಎತ್ತಿ ತನ್ನ ದಾರಿಯನ್ನು ತಾನೇ ಮಾಡಿಕೊಳ್ಳುತ್ತದೆ. ಬಾಗಿಲನ್ನು ಒತ್ತಿ ಹಿಡಿದಿದ್ದದ್ದೂ ನೀರು, ತೆರೆದದ್ದೂ ನೀರು. ವಿದ್ಯುತ್ತು ಕೊಟ್ಟದ್ದು ಒಂದು ಕಣ್ಸನ್ನೆ ಮಾತ್ರ.

ಹರಿಯುವ ನೀರನ್ನು ಥಟ್ಟನೆ ತಡೆದರೆ ಕೊಳವೆಗೆ ಸುತ್ತಿಗೆಯಲ್ಲಿ ಬಡಿದಂಥ ಪೆಟ್ಟು ಬೀಳುತ್ತದೆ. ಆ ಕಾರಣ ಈ ವಾಲ್ವು ನಿಧಾನವಾಗಿ ಮುಚ್ಚುವಂತೆ ಮಾಡಿರುತ್ತಾರೆ. ಅವಸರವಿಲ್ಲದ ಸಾಧು ಯಂತ್ರ. ತೋಟದ ಕೆಲಸಕ್ಕೆ ಇಂಥದೇ ಬೇಕು.

ಈಗ ಇದನ್ನು ಫಿರಂಗಿಗೆ ಹೂಡಿದವರ ಕಡೆಗೆ ಬರೋಣ. ಗಾಳಿಯ ಫಿರಂಗಿಗೆ ಮೂರೇ ಅಂಗ. ಒಂದು ಕಡೆ ಗಾಳಿಯನ್ನು ಒತ್ತಿ ತುಂಬಿದ ಬುಂಡೆ, ಇನ್ನೊಂದು ಕಡೆ ಗುಂಡು ಕುಳಿತ ನಳಿಕೆ, ನಡುವೆ ತೂಬು. ಗುಂಡೆಂದರೆ ಆಲೂಗೆಡ್ಡೆಯೋ ಟೆನಿಸ್ ಚೆಂಡೋ. ತೂಬು ತೆರೆದರೆ ಗಾಳಿ ನುಗ್ಗಿ ಗುಂಡನ್ನು ತಳ್ಳುತ್ತದೆ. ನಳಿಕೆಯ ಅಡ್ಡಳತೆ 4 ಸೆಂಟಿಮೀಟರು, ಒತ್ತಡ ಚದರ ಸೆಂಟಿಮೀಟರಿಗೆ 7 ಕಿಲೋ ಎಂದರೆ ಗುಂಡಿನ ಬೆನ್ನಿಗೆ ಬೀಳುವ ನೂಕು ಹೆಚ್ಚುಕಡಿಮೆ 88 ಕಿಲೋ. ಆದರೆ ಅದು ಕೂಡಲೇ ಬೀಳಬೇಕು. ಒಂದೂವರೆ ಮೀಟರಿನ ನಳಿಕೆಯನ್ನು ಗುಂಡು ದಾಟುವುದಕ್ಕೆ ಸೆಕೆಂಡಿನ ಇಪ್ಪತ್ತನೆಯ ಒಂದು ಪಾಲು ಸಾಕು. ಅಷ್ಟರೊಳಗೆ ತೂಬು ಪೂರ್ತಿ ತೆರೆದಿರದಿದ್ದರೆ ಗುಂಡು ಅರೆಬಲದಲ್ಲೇ ಹೊರಬಿದ್ದು ಹತ್ತು ಹೆಜ್ಜೆಯಾಚೆ ಮುಗ್ಗರಿಸುತ್ತದೆ. ಕೊಳಾಯಿಯ ತಿರುಪನ್ನು ಕೈಯಿಂದ ತಿರುಗಿಸಿ ಈ ಕೆಲಸ ಆಗದು. ತಾನೇ ನುಗ್ಗಿ ತೆರೆದುಕೊಳ್ಳುವ ಬಾಗಿಲು ಬೇಕು.

ಹುಲ್ಲುಹಾಸಿನ ಈ ವಾಲ್ವು ಹವ್ಯಾಸಿಗಳಿಗೆ ಹಿಡಿಸಿದ್ದು ಈ ಗುಣದಿಂದ. ಬೆಲೆ ಕಡಿಮೆ, ಊರಿನ ಅಂಗಡಿಯಲ್ಲೇ ದೊರೆಯುವಂಥದು, ದೂರ ನಿಂತು ಗುಂಡಿಯೊತ್ತಿ ತೆರೆಯಬಹುದು. ಬಳಸುತ್ತ ಬಳಸುತ್ತ ಅವರು ಮತ್ತೊಂದನ್ನು ಕಂಡುಕೊಂಡರು. ವಿದ್ಯುತ್ತಿನ ದಿಡ್ಡಿ ನೀರಿಗಾಗಿ ಮಾಡಿದ ಬಲು ಚಿಕ್ಕ ಕಂಡಿ. ಅದರ ಮೂಲಕ ಗಾಳಿ ಹೊರಡುವಷ್ಟರಲ್ಲಿ ಹೊತ್ತಾಗಿ ಹೆಬ್ಬಾಗಿಲು ಅನುಮಾನಿಸುತ್ತ ಏಳುತ್ತದೆ. ದಿಡ್ಡಿ ದೊಡ್ಡದಾದರೆ ಮೇಲಿನ ಗಾಳಿ ಥಟ್ಟನೆ ಹೊರಟು ಪೊರೆ ಒಮ್ಮೆಗೇ ಮೇಲೇಳುತ್ತದೆ. ಹೀಗೆ ವಿದ್ಯುತ್ತಿನ ಭಾಗವನ್ನೇ ತೆಗೆದುಹಾಕಿ ಅದರ ಜಾಗದಲ್ಲಿ ಕೈಯಿಂದ ಒತ್ತುವ ದೊಡ್ಡ ದಿಡ್ಡಿಯನ್ನು ಇಟ್ಟುಕೊಂಡವರೇ ಬಹಳ. ಇದನ್ನು ಕೇಳಿದಾಗ ನನಗೆ ಮೆಚ್ಚಿಗೆಯಾಯಿತು ಎಂಬುದನ್ನು ಮರೆಮಾಚುವುದಿಲ್ಲ. ಒಂದು ಯಂತ್ರದ ಅಂತರಂಗವನ್ನು ಅರಿಯದವರಿಗೆ ಇದು ಹೊಳೆಯುವಂಥದಲ್ಲ. ಹುಡುಗರ ಕುತೂಹಲವನ್ನು ಕೀಟಲೆಯೆಂದು ತಳ್ಳಿಹಾಕಬಾರದೆಂಬುದು ನನ್ನ ಮೊದಲನೆಯ ಮಾತು.

ಗಾಳಿಯಿಂದ ಗುಂಡು ಹಾರಿಸುವ ಬುದ್ಧಿ ಹೊಸದೂ ಅಲ್ಲ, ಹೊರಗಿನದೂ ಅಲ್ಲ. ನಮ್ಮ ಮಲೆನಾಡು ಕರಾವಳಿಗಳ ಮಕ್ಕಳಿಗೆ ಪೆಟ್ಲು ಗೊತ್ತು. ಸಣ್ಣ ಬಿದಿರಿನ ಕೊಳವೆಯ ಒಂದು ತುದಿಯಲ್ಲಿ ಒಂದು ಕಾಡುಕಾಯಿಯನ್ನು ಸಿಕ್ಕಿಸಿ, ಹಿಂದಿನಿಂದ ಇನ್ನೊಂದು ಕಾಯಿಯನ್ನು ಕಡ್ಡಿಯಿಂದ ನೂಕಿದರೆ ನಡುವಿನ ಗಾಳಿ ಇಕ್ಕಟ್ಟಿಗೆ ಸಿಕ್ಕಿ ಮುಂದಿನ ಕಾಯಿ ಟಪ್ಪೆಂದು ಹಾರುತ್ತದೆ. ಬಸ್ತರದ ಜಗದಲಪುರದಲ್ಲಿ ಗೋಂಚಾ ಎಂಬ ರಥೋತ್ಸವದ ಹೊತ್ತಿಗೆ ಇದೇ ಬಗೆಯ ಬಿದಿರಿನ ತುಪಕಿಯನ್ನು ಜನ ಹಾರಿಸುತ್ತಾರೆ. ಪೆಟ್ಲುವಿನಲ್ಲಿ ಮುಂದಿನ ಕಾಯಿಯೇ ಗುಂಡು, ಅದೇ ತೂಬು. ಇನ್ನೊಂದು ವಿಶೇಷವನ್ನು ಗಮನಿಸಬೇಕು. ಅಲ್ಲಿ ಗಾಳಿಯನ್ನು ಕೂಡಿಡುವುದಿಲ್ಲ. ಹುಡುಗನ ತೋಳು ಆ ಕ್ಷಣಕ್ಕೆ ಎಷ್ಟು ಒತ್ತಿತೋ ಅಷ್ಟೇ ಹೊರಗೆ ಬರುವುದು. ತೋಳಿನ ಶಕ್ತಿಯೇ ಆಟದ ಎಲ್ಲೆ.

ಕೂಡಿಡಲು ಹೊರಟಾಗ ಕಥೆ ಬೇರೆಯಾಗುತ್ತದೆ. 1780ರ ಸುಮಾರಿಗೆ ಆಸ್ಟ್ರಿಯಾದ ಸೈನ್ಯ ಗಿರಾಂಡೋನಿ ಎಂಬ ಕುಶಲಿಯ ಗಾಳಿಬಂದೂಕನ್ನು ಬಳಕೆಗೆ ತಂದಿತು. ಬಂದೂಕಿನ ಹಿಡಿಯೇ ಗಾಳಿಯ ಬುಂಡೆ. ಅದನ್ನು ತುಂಬಲು ಕೈಪಂಪನ್ನು ಸುಮಾರು 1500 ಸಲ ಒತ್ತಬೇಕಾಗಿತ್ತು. ತುಂಬಿದ ಮೇಲೆ ಸದ್ದು ಕಡಿಮೆ, ಹೊಗೆ ಇಲ್ಲ, ಇಪ್ಪತ್ತು ಗುಂಡುಗಳನ್ನು ಒಂದರ ಹಿಂದೊಂದು ಹಾರಿಸಬಹುದು. ಆ ಕಾಲಕ್ಕೆ ಅದ್ಭುತವಾದ ಆಯುಧ. ಆದರೂ ಅದು ನೆಲೆನಿಲ್ಲಲಿಲ್ಲ. ಅಷ್ಟು ಒತ್ತಡವನ್ನು ತಾಳುವ, ಸೋರದ ಕಬ್ಬಿಣದ ಬುಂಡೆಗಳನ್ನು ಮಾಡುವುದೂ ಕಾಪಾಡುವುದೂ ಅಂದಿನ ಕಮ್ಮಾರಿಕೆಗೆ ಬಲು ಕಷ್ಟವಾಗಿತ್ತು.

ಅಂಥದೇ ಒಂದು ಗಾಳಿಬಂದೂಕು 1803ರಲ್ಲಿ ಅಮೆರಿಕದ ಪಶ್ಚಿಮಕ್ಕೆ ದಾರಿ ಹುಡುಕಲು ಹೊರಟ ಕ್ಯಾಪ್ಟನ್ ಲೂಯಿಸನ ಜೊತೆಗಿತ್ತು. ಆತನ ದಿನಚರಿಯ ಮೊದಲನೆಯ ದಿನದ ಬರಹದಲ್ಲೇ ಅದರ ಪ್ರಸ್ತಾಪವಿದೆ. ಪಿಟ್ಸ್‌ಬರ್ಗಿನಿಂದ ಮೂರು ಮೈಲಿ ದೂರದ ಒಂದು ನದೀದ್ವೀಪದಲ್ಲಿ ದೋಣಿ ನಿಲ್ಲಿಸಿ, ನೆರೆದವರ ಅಪೇಕ್ಷೆಯಂತೆ ಲೂಯಿಸ್ ಬಂದೂಕನ್ನು ಏಳು ಸಲ ಹಾರಿಸಿ ತೋರಿಸಿದ. ಆಮೇಲೆ ಅದು ಇನ್ನೊಬ್ಬನ ಕೈಗೆ ಹೋಯಿತು. ಆತನಿಗೆ ಅದರ ರೀತಿ ತಿಳಿಯದು. ಕೈತಪ್ಪಿ ಹಾರಿದ ಗುಂಡು 40 ಗಜ ದೂರದಲ್ಲಿದ್ದ ಒಬ್ಬ ಹೆಂಗಸಿನ ಟೋಪಿಯನ್ನು ತೂರಿ ಕಪಾಲವನ್ನು ಸವರಿಕೊಂಡು ಹೋಯಿತು. ಆಕೆ ರಕ್ತ ಸುರಿಸುತ್ತ ನೆಲಕ್ಕೆ ಬಿದ್ದಳು, ಸತ್ತಳೆಂದೇ ಎಲ್ಲರೂ ಬಗೆದರು. ದೈವವಶಾತ್ ಒಂದು ನಿಮಿಷದಲ್ಲಿ ಚೇತರಿಸಿಕೊಂಡಳು. ಮದ್ದಿಲ್ಲ, ಬೆಂಕಿಯಿಲ್ಲ, ಬರಿಯ ಗಾಳಿ ತಾನೆ ಎಂಬ ಸದರ ಅಂದಿನಿಂದಲೂ ಮನುಷ್ಯನಿಗೆ ಇದ್ದದ್ದೇ.

ಇದೇ ಗಾಳಿಯಿಂದ ದೊಡ್ಡ ಕೆಲಸಗಳೂ ಆಗಿವೆ. 1898ರಲ್ಲಿ ಸ್ಪೇನಿನೊಡನೆ ನಡೆದ ಯುದ್ಧದಲ್ಲಿ ಅಮೆರಿಕದ ವೆಸೂವಿಯಸ್ ಎಂಬ ಹಡಗು ಕ್ಯೂಬಾದ ಸಾಂಟಿಯಾಗೋ ಬಂದರಿನ ಮೇಲೆ ಗಾಳಿಯ ಫಿರಂಗಿಗಳಿಂದ ಸಿಡಿಗುಂಡು ಎಸೆಯಿತು. ಮದ್ದಿನ ಧಕ್ಕೆಗೆ ಅಂದಿನ ಸಿಡಿಗುಂಡು ನಳಿಕೆಯಲ್ಲೇ ಸಿಡಿದೀತೆಂಬ ಭಯಕ್ಕೆ ಗಾಳಿಯ ಮೆತ್ತನೆಯ ನೂಕನ್ನು ಆರಿಸಿದ್ದರು. ಮೂರು ನಳಿಕೆಗಳೂ ಹಡಗಿಗೆ ಕಚ್ಚಿಕೊಂಡಿದ್ದುದರಿಂದ ಗುರಿಯಿಡಬೇಕಾದರೆ ಹಡಗನ್ನೇ ತಿರುಗಿಸಬೇಕಿತ್ತು. ದೂರವನ್ನು ಹೆಚ್ಚುಕಡಿಮೆ ಮಾಡಲು ಒಳಬಿಡುವ ಗಾಳಿಯನ್ನು ಹೆಚ್ಚುಕಡಿಮೆ ಮಾಡುತ್ತಿದ್ದರು. ಅಂದರೆ ಅಲ್ಲಿ ಗುರಿಗಾರನ ಕೆಲಸದಲ್ಲಿ ಅರ್ಧ ತೂಬಿನದು.

ಯುದ್ಧದ ಮಾತಿರಲಿ, ನಮ್ಮ ಹೃದಯಕ್ಕೆ ಹತ್ತಿರವಾದ ಒಂದು ಸಂಗತಿ ಹೇಳುತ್ತೇನೆ. 2003ರ ಫೆಬ್ರವರಿ 1ರಂದು ಕೊಲಂಬಿಯಾ ಗಗನನೌಕೆ ಭೂಮಿಗೆ ಮರಳುವಾಗ ಒಡೆದು, ಕರ್ನಾಲಿನಲ್ಲಿ ಹುಟ್ಟಿ ಬೆಳೆದ ಕಲ್ಪನಾ ಚಾವ್ಲಾ ಸೇರಿದಂತೆ ಏಳು ಮಂದಿ ತೀರಿಕೊಂಡರು. ಮೇಲೇರುವಾಗ ಇಂಧನದ ತೊಟ್ಟಿಯಿಂದ ಕಳಚಿದ ಒಂದು ನೊರೆಯ ತುಂಡು ರೆಕ್ಕೆಯ ಅಂಚಿಗೆ ಬಡಿದಿತ್ತು. ಮುಕ್ಕಾಲು ಕಿಲೋ ತೂಗುವ ಹಗುರ ನೊರೆ ನೌಕೆಯನ್ನು ಕೆಡಿಸೀತೆ ಎಂದು ಹಲವರು ಸಂದೇಹಪಟ್ಟರು. ಆ ಸಂದೇಹವನ್ನು ತೀರಿಸಿದ್ದು ಒಂದು ಗಾಳಿಯ ಫಿರಂಗಿ. ಅದೇ ವರ್ಷದ ಜುಲೈ 7ರಂದು ಟೆಕ್ಸಾಸಿನ ಸಾನ್ ಆಂಟೋನಿಯೋದ ಸಂಶೋಧನಾಲಯದಲ್ಲಿ, ಒತ್ತಿದ ಸಾರಜನಕ ಅನಿಲದಿಂದ ಅಷ್ಟೇ ತೂಕದ ನೊರೆಯ ತುಂಡನ್ನು ಗಂಟೆಗೆ ಸುಮಾರು 850 ಕಿಲೋಮೀಟರು ವೇಗದಲ್ಲಿ ಅಂಥದೇ ರೆಕ್ಕೆಯಂಚಿಗೆ ಹೊಡೆದು ನೋಡಿದರು. ಸುಮಾರು 40 ಸೆಂಟಿಮೀಟರು ಅಗಲದ ಗಂಡಿ ಬಿತ್ತು. ಸಂದೇಹ ಅಲ್ಲಿಗೆ ಮುಗಿಯಿತು. ಏಳು ಸಾವುಗಳ ಕಾರಣವನ್ನು ಲೋಕಕ್ಕೆ ತೋರಿಸಿಕೊಟ್ಟದ್ದು ಇದೇ ಬುಂಡೆ, ಇದೇ ತೂಬು, ಇದೇ ನಳಿಕೆಯ ಕ್ರಮ. ವಿದ್ಯೆಯ ಕೈಯಲ್ಲಿ ಆಟಿಕೆಯೂ ಸಾಕ್ಷಿ ಹೇಳುತ್ತದೆ.

ಇಷ್ಟು ಹೊಗಳಿದ ಮೇಲೆ ಮುಖ್ಯವಾದ ಮಾತಿಗೆ ಬರುತ್ತೇನೆ. ಈ ಫಿರಂಗಿಗಳನ್ನು ಮಾಡುವವರ ಕಣ್ಣೆಲ್ಲ ತೂಬಿನ ಮೇಲೂ ಗುಂಡು ಹೋದ ದೂರದ ಮೇಲೂ ಇರುತ್ತದೆ. ಅಪಾಯ ಕುಳಿತಿರುವುದು ಬುಂಡೆಯಲ್ಲಿ. ಅಮೆರಿಕದ ಡೆಲಾವೇರಿನಲ್ಲಿ 1986ರಲ್ಲಿ ಕುಂಬಳಕಾಯಿ ಎಸೆಯುವ ಒಂದು ವಿನೋದದ ಪಂದ್ಯ ಹುಟ್ಟಿತು. ಬರಬರುತ್ತ ಗಾಳಿಯ ಫಿರಂಗಿಗಳು ದೈತ್ಯಾಕಾರಕ್ಕೆ ಬೆಳೆದವು. 2010ರಲ್ಲಿ ಯೂಟಾ ರಾಜ್ಯದಲ್ಲಿ ಅಂಥ ಒಂದು ಫಿರಂಗಿ ಕುಂಬಳಕಾಯಿಯನ್ನು 5,545 ಅಡಿ, ಎಂದರೆ ಒಂದು ಮೈಲಿಗೂ ಮಿಕ್ಕಿ ಎಸೆಯಿತು. 2016ರ ನವೆಂಬರಿನಲ್ಲಿ ಡೆಲಾವೇರಿನ ಪಂದ್ಯದಲ್ಲಿ ಒಂದು ಫಿರಂಗಿಯ ಲೋಹದ ಭಾಗವೇ ಕಿತ್ತು ಹಾರಿ ಬಿದ್ದು, ಅಲ್ಲಿದ್ದ ಒಬ್ಬ ಮಹಿಳೆ ಪ್ರಾಣಾಪಾಯದ ಗಾಯಕ್ಕೆ ಗುರಿಯಾದರು. ಕುಂಬಳಕಾಯಿ ಯಾರಿಗೂ ತಾಗಲಿಲ್ಲ, ತಾಗಿದ್ದು ಫಿರಂಗಿ. ಪಳಗಿದ ಕೈಗಳು ಲೋಹದಲ್ಲಿ ಕಟ್ಟಿದ ಯಂತ್ರದ ಕಥೆಯೇ ಇದಾದರೆ, ಅಂಟು ಬಳಿದು ಜೋಡಿಸಿದ ಪ್ಲಾಸ್ಟಿಕ್ ಕೊಳವೆಯ ಗತಿಯೇನು?

ನೀರಿಗೂ ಗಾಳಿಗೂ ಇರುವ ಭೇದವನ್ನು ಇಲ್ಲಿ ತಿಳಿಯಬೇಕು. ನೀರನ್ನು ಎಷ್ಟು ಒತ್ತಿದರೂ ಅದು ಕುಗ್ಗುವುದಿಲ್ಲವೆಂದೇ ಹೇಳಬಹುದು. ಗಾಳಿ ಒತ್ತಿದಷ್ಟೂ ಕುಗ್ಗುತ್ತದೆ, ಬಿಟ್ಟೊಡನೆ ಹಿಗ್ಗುತ್ತದೆ. ಐದು ಲೀಟರು ಹಿಡಿಯುವ ಒಂದು ಪಾತ್ರೆಯಲ್ಲಿ ನೀರನ್ನು ಚದರ ಸೆಂಟಿಮೀಟರಿಗೆ 7 ಕಿಲೋ ಒತ್ತಡದಲ್ಲಿ ತುಂಬಿದ್ದೇವೆ ಎನ್ನಿ. ಲಾರಿಯ ಟೈರಿನಲ್ಲಿ ಇರುವುದೂ ಹೆಚ್ಚುಕಡಿಮೆ ಇಷ್ಟೇ ಒತ್ತಡ. ಆ ನೀರಿನಲ್ಲಿ ಅಡಗಿದ ಶಕ್ತಿ, 10 ಕಿಲೋ ಕಲ್ಲೊಂದು ಅರ್ಧ ಸೆಂಟಿಮೀಟರು ಎತ್ತರದಿಂದ ಬಿದ್ದಷ್ಟು. ಪಾತ್ರೆ ಬಿರಿದರೆ ನೆಲ ಒದ್ದೆಯಾಗುತ್ತದೆ, ಅಷ್ಟೆ. ಅದೇ ಪಾತ್ರೆಯಲ್ಲಿ ಅದೇ ಒತ್ತಡದ ಗಾಳಿಯಿದ್ದರೆ, ಅದೇ ಕಲ್ಲು ಸುಮಾರು 28 ಮೀಟರು ಎತ್ತರದಿಂದ ಬಿದ್ದಷ್ಟು ಶಕ್ತಿ. ಒಂಬತ್ತು ಅಂತಸ್ತಿನ ಮನೆಯ ಮಾಳಿಗೆಯಿಂದ ಎಂದು ತಿಳಿಯಿರಿ. ಒತ್ತಡದ ಮುಳ್ಳು ತೋರುವ ಅಂಕಿ ಎರಡಕ್ಕೂ ಒಂದೇ. ಒಳಗಿನ ಶಕ್ತಿಯಲ್ಲಿ ಸುಮಾರು ಐದು ಸಾವಿರ ಪಟ್ಟು ಅಂತರ.

ಪಿ.ವಿ.ಸಿ. ಕೊಳವೆಯ ಮೇಲೆ ಒತ್ತಡದ ಅಂಕಿಯನ್ನು ಅಚ್ಚು ಹಾಕಿರುತ್ತಾರೆ. ಹುಡುಗರು ಅದನ್ನು ತೋರಿಸಿ, ನೋಡಿ, ಇಷ್ಟು ತಾಳುತ್ತದೆ ಎಂದು ವಾದಿಸುತ್ತಾರೆ. ಆ ಅಂಕಿ ನೀರಿಗೆ ಸೇರಿದ್ದು. ಲೋಹದ ಕೊಳವೆಯಾದರೆ ಒತ್ತಡ ಮೀರಿದಾಗ ಉಬ್ಬಿ ಸೀಳುವುದುಂಟು. ಪಿ.ವಿ.ಸಿ. ಗಾಜಿನಂತೆ ಚೂರುಚೂರಾಗಿ ಸಿಡಿಯುತ್ತದೆ, ಚೂರುಗಳು ಚೂರಿಗಳಾಗುತ್ತವೆ. ಬಿಸಿಲಿಗೆ ಒಡ್ಡಿದ ಕೊಳವೆ ವರ್ಷ ಕಳೆದಂತೆ ಪೆಡಸಾಗುತ್ತದೆ. ಒಮ್ಮೆ ಕೈಜಾರಿ ಬಿದ್ದರೆ ಕಣ್ಣಿಗೆ ಕಾಣದ ಬಿರುಕು ಹುಟ್ಟಬಹುದು. ನೂರು ಸಲ ಏನೂ ಆಗದೆ ನೂರೊಂದನೆಯ ಸಲ ಒಡೆಯುವುದು ಇದರ ಸ್ವಭಾವ. 1988ರಲ್ಲೇ ಅಮೆರಿಕದ ಕಾರ್ಮಿಕ ಸುರಕ್ಷತೆಯ ಇಲಾಖೆ, ನೆಲದ ಮೇಲೆ ಬಯಲಾಗಿ ಹಾಯಿಸುವ ಒತ್ತಿದ ಗಾಳಿಗೆ ಪಿ.ವಿ.ಸಿ. ಕೊಳವೆ ತಕ್ಕದ್ದಲ್ಲವೆಂದು ಎಚ್ಚರಿಕೆಯ ಪ್ರಕಟಣೆ ಹೊರಡಿಸಿತು. ಹುಲ್ಲುಹಾಸಿನ ವಾಲ್ವಿನ ಮೈಯೂ ಪ್ಲಾಸ್ಟಿಕ್ಕೇ. ಚಳಿದೇಶಗಳಲ್ಲಿ ಹಿಮ ಬೀಳುವ ಮುಂಚೆ ಕೊಳವೆಯೊಳಗಿನ ನೀರನ್ನು ಗಾಳಿಯೂದಿ ಹೊರಡಿಸುವ ಪದ್ಧತಿಯಿದೆ. ಆ ಕೆಲಸಕ್ಕೂ ಒತ್ತಡವನ್ನು ಬಹಳ ಇಳಿಸಬೇಕು, ಕಣ್ಣಿಗೆ ಕಾಪು ಹಾಕಬೇಕು, ಕೊಳವೆಯ ಮೇಲೆ ಬಾಗಿ ನಿಲ್ಲಬಾರದು ಎಂದು ತಯಾರಕರೇ ಹೇಳುತ್ತಾರೆ.

ಅಡಿಗೆಮನೆಯ ಹೋಲಿಕೆ ಕೊಟ್ಟರೆ ಇದು ಇನ್ನೂ ಸ್ಪಷ್ಟವಾದೀತು. ಪ್ರೆಷರ್ ಕುಕ್ಕರನ್ನು ಬಳಸದ ಮನೆ ಈಗ ಅಪರೂಪ. ಅದರೊಳಗಿನ ಒತ್ತಡ ಹೊರಗಿನದಕ್ಕಿಂತ ಚದರ ಸೆಂಟಿಮೀಟರಿಗೆ ಒಂದು ಕಿಲೋ ಮಾತ್ರ ಹೆಚ್ಚು. ಅಷ್ಟಕ್ಕೇ ದಪ್ಪ ಲೋಹದ ಪಾತ್ರೆ, ಮೇಲೆ ಸೀಟಿಯ ಭಾರ, ಸೀಟಿ ಕಟ್ಟಿಕೊಂಡರೆ ಕರಗಿ ದಾರಿ ಬಿಡುವ ಸುರಕ್ಷಾ ವಾಲ್ವು, ಇಷ್ಟೆಲ್ಲ ಇವೆ. ಆದರೂ ಹಬೆಯಿಳಿಯುವ ಮುಂಚೆ ಮುಚ್ಚಳಕ್ಕೆ ಕೈಹಾಕಿದರೆ ತಾಯಂದಿರು ಗದರುತ್ತಾರೆ. ಹುಡುಗರ ಫಿರಂಗಿಯಲ್ಲಿ ಅದರ ಏಳು ಪಟ್ಟು ಒತ್ತಡ. ಸೀಟಿಯಿಲ್ಲ, ಸುರಕ್ಷಾ ವಾಲ್ವಿಲ್ಲ, ಗದರುವವರು ಹತ್ತಿರವಿಲ್ಲ.

ಇದು ಹೆದರಿಸುವುದಕ್ಕಾಗಿ ಹೇಳುವ ಮಾತಲ್ಲವೆಂಬುದಕ್ಕೆ ನಮ್ಮ ದೇಶದಲ್ಲೇ ಈಚಿನ ಸಾಕ್ಷಿಯಿದೆ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದ ಊರುಗಳಲ್ಲಿ ಕಾರ್ಬೈಡ್ ಬಂದೂಕು ಎಂಬ ಆಟಿಕೆ ಹಬ್ಬಿತು. ಅದು ಗಾಳಿಯ ಫಿರಂಗಿಯಲ್ಲ. ಕಾರ್ಬೈಡಿಗೆ ನೀರು ತಾಗಿ ಹುಟ್ಟುವ ಅನಿಲಕ್ಕೆ ಕಿಡಿ ತಗುಲಿಸಿ ಸಿಡಿಸುವಂಥದು. ಆದರೆ ಮೈ ಅದೇ ಅಗ್ಗದ ಕೊಳವೆ, ಕಲಿತದ್ದು ಅದೇ ಫೋನಿನ ಚಿತ್ರಗಳಿಂದ. ಕೆಲವೇ ದಿನಗಳಲ್ಲಿ ನೂರಕ್ಕೂ ಹೆಚ್ಚು ಮಕ್ಕಳು ಕಣ್ಣಿಗೆ ಪೆಟ್ಟು ಮಾಡಿಕೊಂಡು ಆಸ್ಪತ್ರೆ ಸೇರಿದರು. ಕೆಲವರಿಗೆ ದೃಷ್ಟಿಯೇ ಹೋಯಿತು. ಸಿಡಿಯದಿದ್ದಾಗ ಏನಾಯಿತೆಂದು ಕೊಳವೆಯೊಳಗೆ ಇಣುಕಿ ನೋಡಿದ ಮಕ್ಕಳೂ ಅವರಲ್ಲಿದ್ದರು. ಇಣುಕಿ ನೋಡುವುದು ಮಕ್ಕಳ ಧರ್ಮ. ಅದನ್ನು ಬಲ್ಲ ನಾವು ಮೊದಲೇ ಎಚ್ಚರವಾಗಿರಬೇಕು.

ಹಾಗಾದರೆ ಆ ಹುಡುಗನಿಗೆ ನಾನು ಹೇಳಿದ್ದೇನು? ಫಿರಂಗಿ ಬೇಡ, ವಾಲ್ವನ್ನು ಬಿಡಬೇಡ ಎಂದೆ. ವಾಲ್ವನ್ನು ಬಿಚ್ಚಿ ನೋಡಬಹುದು. ಪೊರೆಯೆಲ್ಲಿ, ಸೂಜಿತೂತೆಲ್ಲಿ, ದಿಡ್ಡಿಯೆಲ್ಲಿ ಎಂದು ಗುರುತಿಸಿ ಚಿತ್ರ ಬರೆಯಬಹುದು. ಶಾಲೆಯ ಕೈತೋಟದ ಕೊಳಾಯಿಗೆ ಅದನ್ನು ಜೋಡಿಸಿ, ವಿಜ್ಞಾನದ ಮೇಷ್ಟರ ಸಹಾಯದಿಂದ ಗಡಿಯಾರ ಹೂಡಿ, ಬೇಸಗೆ ರಜೆಯಲ್ಲೂ ಗಿಡಗಳಿಗೆ ನೀರು ಬೀಳುವಂತೆ ಮಾಡಬಹುದು. ಸೂಜಿತೂತಿಗೆ ಕಸ ಕಟ್ಟಿಕೊಂಡರೆ ವಾಲ್ವು ಮುಚ್ಚುವುದೇ ಇಲ್ಲ. ಅದು ಏಕೆಂದು ಯೋಚಿಸಿ ಉತ್ತರ ಹೇಳಬಲ್ಲವನಿಗೆ ಯಂತ್ರ ಕರಗತವಾಯಿತೆಂದೇ ಅರ್ಥ. ಗಾಳಿಯ ಬಲವನ್ನೇ ನೋಡಬೇಕೆಂದಿದ್ದರೆ ಬಿದಿರಿನ ಪೆಟ್ಲು ಇದೆ. ಯಾರ ಮುಖಕ್ಕೂ ಹಿಡಿಯದೆ ಗೋಡೆಗೆ ಹಾರಿಸಿ, ನೂಕಿದ ದೂರಕ್ಕೂ ಕಾಯಿ ಹೋದ ದೂರಕ್ಕೂ ಲೆಕ್ಕ ಹಾಕಬಹುದು. ಅದಕ್ಕಿಂತ ಹೆಚ್ಚಿನ ಒತ್ತಡದ ಹಂಬಲವಿದ್ದರೆ, ಐ.ಟಿ.ಐ.ಯೋ ಎಂಜಿನಿಯರಿಂಗ್ ಕಾಲೇಜೋ ಮುಂದೆ ಕಾದಿದೆ. ಅಲ್ಲಿ ಪರೀಕ್ಷೆಗೊಳಪಟ್ಟ ಉಕ್ಕಿನ ಬುಂಡೆಯಿರುತ್ತದೆ, ಮುಳ್ಳಿನ ಮಾಪಕವಿರುತ್ತದೆ, ಬಲ್ಲವರು ಪಕ್ಕದಲ್ಲಿರುತ್ತಾರೆ.

ತಂದೆತಾಯಿಗಳಿಗೆ ನನ್ನದೊಂದು ಬಿನ್ನಹ. ಮನೆಯ ಹಿತ್ತಿಲಲ್ಲಿ ಮಗ ಕೊಳವೆ ಕೊಯ್ದು ಅಂಟು ಬಳಿಯುತ್ತಿದ್ದರೆ ಒಮ್ಮೆ ಹೋಗಿ, ಏನಪ್ಪಾ ಇದು, ನನಗೂ ಹೇಳು ಎಂದು ಕೇಳಿ. ಕಿತ್ತೆಸೆದರೆ ಅವನು ಗೆಳೆಯನ ಮನೆಯ ಹಿತ್ತಿಲಿಗೆ ಹೋಗುತ್ತಾನೆ. ಕೇಳಿದರೆ ಹೇಳುತ್ತಾನೆ, ಹೇಳುವಾಗ ಅವನಿಗೇ ಎಷ್ಟೋ ಹೊಳೆಯುತ್ತದೆ. ಒಳಗೆ ಇರುವುದು ನೀರೋ ಗಾಳಿಯೋ, ಈ ಕೊಳವೆಯನ್ನು ಯಾವುದಕ್ಕಾಗಿ ಮಾಡಿದ್ದಾರೆ, ಒಡೆದರೆ ಚೂರು ಯಾರ ಕಡೆಗೆ ಹೋಗುತ್ತದೆ, ಈ ಮೂರು ಪ್ರಶ್ನೆಗಳನ್ನು ಕೇಳಲು ಯಾವ ಪದವಿಯೂ ಬೇಕಿಲ್ಲ.

ತೂಬೆತ್ತುವ ಗೌರವ ಊರಿನಲ್ಲಿ ಎಲ್ಲರಿಗೂ ಸಲ್ಲುತ್ತಿರಲಿಲ್ಲ, ಅದು ನೀರುಗಂಟಿಯದು. ಆ ಅಧಿಕಾರದ ಜೊತೆಗೆ ಒಂದು ಹೊಣೆಯೂ ಇತ್ತು. ಮಳೆಗಾಲದ ರಾತ್ರಿ ಕಂಬಳಿ ಹೊದ್ದು, ಲಾಂದ್ರ ಹಿಡಿದು, ಏರಿಯ ಈ ತುದಿಯಿಂದ ಆ ತುದಿಯವರೆಗೆ ನಡೆದು, ಎಲ್ಲಾದರೂ ಬಿರುಕು ಬಿಟ್ಟಿದೆಯೇ, ಎಲ್ಲಾದರೂ ನೀರು ಜಿನುಗುತ್ತಿದೆಯೇ ಎಂದು ನೋಡಬೇಕಾದವನೂ ಅವನೇ. ಏರಿಯ ಕಾವಲನ್ನು ಬಲ್ಲವನ ಕೈಗೆ ಮಾತ್ರ ಊರು ತೂಬಿನ ಗಳವನ್ನು ಕೊಡುತ್ತಿತ್ತು. ನಮ್ಮ ಮಕ್ಕಳ ಕೈಗೂ ಒಂದಲ್ಲ ಒಂದು ದಿನ ದೊಡ್ಡ ದೊಡ್ಡ ತೂಬುಗಳು ಬರುತ್ತವೆ, ನೀರಿನವು, ಗಾಳಿಯವು, ವಿದ್ಯುತ್ತಿನವು. ಅಷ್ಟರೊಳಗೆ ಏರಿಯನ್ನು ನೋಡುವ ಕಣ್ಣನ್ನು ಅವರಿಗೆ ಕೊಡುವುದು ಮನೆಯ ಕೆಲಸ, ಶಾಲೆಯ ಕೆಲಸ.